ಸತ್ತ ತಾಯಿಯ ಲೆಕ್ಕ ಯಾರನ್ನು ಕೇಳೋದು?

[ಪರದೆ: ಪ್ರಶ್ನಾವಳಿಯ ಒಂದು ಪುಟ, ಹತ್ತಿರದಿಂದ]

"ನಿಮಗೆ ಮಕ್ಕಳೆಷ್ಟು?" ಅಂತ ಒಂದೇ ಮಾತಲ್ಲಿ ಕೇಳಿದರೆ ಲೆಕ್ಕ ತಪ್ಪುತ್ತೆ. ದೂರದಲ್ಲಿರುವ ಮಗಳು ಬಿಟ್ಟುಹೋಗಬಹುದು. ಹುಟ್ಟಿದ ದಿನವೇ ತೀರಿಕೊಂಡ ಕೂಸಂತೂ ಎಷ್ಟೋ ಸಲ ಬಾಯಿಗೇ ಬರಲ್ಲ. ಅದಕ್ಕೇ ಜನಸಂಖ್ಯೆ ಮತ್ತು ಆರೋಗ್ಯದ ಸಮೀಕ್ಷೆಯವರು ಪ್ರಶ್ನೆಯನ್ನು ಒಡೆದು ಕೇಳ್ತಾರೆ: ಜೊತೆಗಿರುವ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು? ಬೇರೆ ಕಡೆ ಇರುವವರೆಷ್ಟು? ತೀರಿಕೊಂಡವರು? ಆಮೇಲೂ ಬಿಡಲ್ಲ. ಹುಟ್ಟಿದಾಗ ಅತ್ತು, ನಂತರ ಉಳಿಯದ ಮಗು ಯಾವುದಾದರೂ ಇತ್ತಾ? ಕೇಳೋಕೆ ಕಷ್ಟದ ಪ್ರಶ್ನೆ. ಆದರೆ ಎಷ್ಟೋ ದೇಶಗಳ ಶಿಶುಮರಣದ ಅಂಕಿ ನಿಂತಿರೋದೇ ಇಂಥ ಉತ್ತರಗಳ ಮೇಲೆ.

[ಪರದೆ: ನಕ್ಷೆ, ಅಲ್ಲಲ್ಲಿ ಚುಕ್ಕಿಗಳು]

ಅಮೆರಿಕ ಸರ್ಕಾರದ ಹಣದಲ್ಲಿ 1984ರಲ್ಲಿ ಶುರುವಾದ ಡಿಎಚ್‌ಎಸ್, ಅಂದರೆ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ, 90ಕ್ಕೂ ಹೆಚ್ಚು ದೇಶಗಳಲ್ಲಿ ನಡೆದಿದೆ. ಮಾತಾಡಿಸೋದು ಮುಖ್ಯವಾಗಿ 15ರಿಂದ 49 ವರ್ಷದ ಹೆಂಗಸರನ್ನ. ಮೊದಲು ಜನಗಣತಿಯ ಪಟ್ಟಿಯಿಂದ ಪ್ರದೇಶಗಳನ್ನು ಆರಿಸ್ತಾರೆ, ಆಮೇಲೆ ಪ್ರತಿ ಪ್ರದೇಶದಲ್ಲಿ ಕೆಲವು ಮನೆಗಳನ್ನ. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವ ಹಾಗಿಲ್ಲ, ಮತ್ತೆ ಬರಬೇಕು. ಇಲ್ಲದಿದ್ದರೆ ಹಗಲೆಲ್ಲ ಹೊರಗೆ ದುಡಿಯುವ ಹೆಂಗಸರೇ ಲೆಕ್ಕದಿಂದ ಜಾರಿಹೋಗ್ತಾರೆ.

[ಪರದೆ: ಇಬ್ಬರು ಹೆಂಗಸರು ಎದುರುಬದುರು, ಬೇರೆ ಯಾರೂ ಇಲ್ಲ]

ಪ್ರಶ್ನೆ ಕೇಳುವವಳೂ ಹೆಂಗಸೇ. ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತಿದ್ದರೆ ಗರ್ಭನಿರೋಧಕದ ಮಾತಿಗೆ ನಿಜವಾದ ಉತ್ತರ ಎಲ್ಲಿಂದ ಬರಬೇಕು?

ಈಗ ನಿಜವಾದ ಇಕ್ಕಟ್ಟಿಗೆ ಬರೋಣ. ಹೆರಿಗೆಯಲ್ಲಿ ಸತ್ತವಳು ಉತ್ತರ ಕೊಡೋಕೆ ಇರಲ್ಲ. ಸಾವು ಸರಿಯಾಗಿ ನೋಂದಣಿಯಾಗದ ದೇಶದಲ್ಲಿ ಅವಳನ್ನು ಎಣಿಸೋದು ಹೇಗೆ? ಸಂಶೋಧಕಿ ವೆಂಡಿ ಗ್ರಹಾಂ ಮತ್ತು ಸಂಗಡಿಗರು 1989ರಲ್ಲಿ ಒಂದು ದಾರಿ ಪ್ರಕಟಿಸಿದರು: ಒಡಹುಟ್ಟಿದವರನ್ನು ಕೇಳಿ. ನಿಮ್ಮ ತಾಯಿಗೆ ಹುಟ್ಟಿದ ಅಕ್ಕತಂಗಿಯರಲ್ಲಿ 15 ವರ್ಷ ದಾಟಿದವರೆಷ್ಟು? ತೀರಿಕೊಂಡವರೆಷ್ಟು? ಅವರಲ್ಲಿ ಬಸಿರಲ್ಲೋ, ಹೆರಿಗೆಯಲ್ಲೋ, ಬಾಣಂತನದ ಮೊದಲ ಆರು ವಾರದಲ್ಲೋ ಹೋದವರೆಷ್ಟು? ಒಬ್ಬಳನ್ನು ಮಾತಾಡಿಸಿದರೆ ಹಲವು ಹೆಂಗಸರ ಬದುಕು ಗೊತ್ತಾಗುತ್ತೆ. ನನಗಂತೂ ಇಡೀ ಸಮೀಕ್ಷಾಶಾಸ್ತ್ರದಲ್ಲೇ ಇಷ್ಟು ಜಾಣತನದ ಉಪಾಯ ಇನ್ನೊಂದು ಕಂಡಿಲ್ಲ. ಕೊರತೆಯೂ ಇದೆ. ಸಿಗುವ ಅಂಕಿ ಹಿಂದಿನ ವರ್ಷಗಳದ್ದು, ಈ ವರ್ಷದ್ದಲ್ಲ. ಬದುಕಿರುವ ಒಡಹುಟ್ಟಿದವರೇ ಇಲ್ಲದವಳ ಸಾವನ್ನು ಹೇಳೋರೂ ಯಾರಿಲ್ಲ.

[ಪರದೆ: ಮಕ್ಕಳ ಹುಟ್ಟಿದ ವರ್ಷದ ಗ್ರಾಫ್, ನಡುವೆ ಒಂದು ತಗ್ಗು, ಪಕ್ಕದಲ್ಲೇ ಉಬ್ಬು]

ಈ ತಗ್ಗು ನೋಡಿ. ಕಳೆದ ಕೆಲವೇ ವರ್ಷಗಳಲ್ಲಿ (ಬಹುಕಾಲ ಈ ಗಡಿ ಐದು ವರ್ಷ ಇತ್ತು) ಹುಟ್ಟಿದ ಮಗುವಾದರೆ ಲಸಿಕೆ, ಎದೆಹಾಲು, ಬಸಿರಿನ ತಪಾಸಣೆ ಅಂತ ಸಾಲುಸಾಲು ಪ್ರಶ್ನೆ ಕೇಳಬೇಕು. ದಣಿದ ಸಂದರ್ಶಕಿ ಹುಟ್ಟಿದ ವರ್ಷವನ್ನು ಒಂದು ವರ್ಷ ಹಿಂದಕ್ಕೆ ಬರೆದರೆ ಅಷ್ಟೂ ಕೆಲಸ ಉಳೀತು! ಹಾಗಾದಾಗ ಗಡಿಯ ಈಚೆ ಮಕ್ಕಳು ಕಡಿಮೆ, ಆಚೆ ಜಾಸ್ತಿ. ಫಲವಂತಿಕೆ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, ಇಳಿದಂತೆ ಕಾಣುತ್ತೆ, ಇಳಿದಿರೋದು ಬರೀ ಕಾಗದದ ಮೇಲೆ. ಅದಕ್ಕೇ ವರದಿ ಕೈಗೆ ಬಂದರೆ ನಾನು ಮೊದಲು ಕೊನೆಗಿರುವ, ಅಂಕಿಗಳ ಗುಣಮಟ್ಟ ತೋರಿಸುವ ಅನುಬಂಧ ತೆರೀತೀನಿ.

2025ರ ಆರಂಭದಲ್ಲಿ ಡಿಎಚ್‌ಎಸ್‌ಗೆ ಅಮೆರಿಕದ ಹಣ ನಿಂತಿತು. ನಡೆಯುತ್ತಿದ್ದ ಹಲವು ಸಮೀಕ್ಷೆಗಳು ಅರ್ಧಕ್ಕೇ ನಿಂತವು. ಜನನ ಮರಣ ನೋಂದಣಿ ಗಟ್ಟಿಯಾಗಿದ್ದರೆ ಇಷ್ಟು ಪೆಟ್ಟು ಬೀಳ್ತಿರಲಿಲ್ಲ. ಅದು ಎಲ್ಲಿ, ಯಾಕೆ ಎಡವುತ್ತೆ ಅನ್ನೋದು ಮುಂದಿನ ವಿಡಿಯೋದಲ್ಲಿ.