ಕ್ಲೌನ್‌ಫಿಶ್ ಮರಿ ಉಳಿಸೋದು ಹೇಗೆ? ಮೊದಲ ಎರಡು ವಾರದ ಆರೈಕೆ

[ದೃಶ್ಯ: ಟೈಲ್ ಮೇಲೆ ಅಂಟಿರೋ ಮೊಟ್ಟೆಗಳು, ತೀರಾ ಹತ್ತಿರದಿಂದ]

ನಮಸ್ಕಾರ. ಈ ಟೈಲ್ ಮೇಲೆ ಮಿನುಗ್ತಿರೋ ಚುಕ್ಕಿಗಳನ್ನ ನೋಡಿ. ಅವೆಲ್ಲ ಕಣ್ಣುಗಳು. ಕ್ಲೌನ್‌ಫಿಶ್ ಅನ್ನೋ ಪುಟ್ಟ ಸಮುದ್ರ ಮೀನು ಮೊಟ್ಟೆ ಇಟ್ಟ ದಿನ ಕಿತ್ತಳೆ ಬಣ್ಣ ಇರುತ್ತೆ, ಆಮೇಲೆ ಕಂದು ಆಗುತ್ತೆ. ಕಣ್ಣು ಹೀಗೆ ಬೆಳ್ಳಿ ಥರ ಹೊಳೆಯೋಕೆ ಶುರುವಾಯ್ತು ಅಂದ್ರೆ ಮರಿ ಹೊರಗೆ ಬರೋ ಹೊತ್ತಾಯ್ತು. ನೀರು 27 ಡಿಗ್ರಿ ಆಸುಪಾಸಲ್ಲಿದ್ರೆ ಇದಕ್ಕೆ ಸುಮಾರು 7ರಿಂದ 9 ದಿನ ಸಾಕು.

ಈ ಹಂತದಲ್ಲಿ ಫೋಟೋ ಕಳಿಸೋರಿಗೆಲ್ಲ ನಾನು ಕೇಳೋದು ಒಂದೇ: ಮರಿಗಳ ಮೊದಲ ಊಟವಾದ ರೋಟಿಫರ್ ರೆಡಿ ಇದೆಯಾ? ಇಲ್ಲ ಅಂದ್ರೆ ಈ ಸಲದ ಮರಿಗಳು ಉಳಿಯೋದು ಬಹಳ ಕಷ್ಟ. ಹೊಸ ಮರಿ 3-4 ಮಿಲಿಮೀಟರ್ ಅಷ್ಟೇ, ಮೊಟ್ಟೆಯಿಂದ ಹೊಟ್ಟೆಯಲ್ಲಿ ಉಳಿದಿರೋ ಹಳದಿ ಭಾಗದ ಆಹಾರ ಬೇಗ ಖಾಲಿಯಾಗುತ್ತೆ. ಒಣ ಆಹಾರದ ಪುಡಿ ಹಾಕಿದ್ರೆ ಅದು ಮುಟ್ಟಲ್ಲ. ಕಣ್ಣೆದುರು ಅಲುಗಾಡೋ, ಬಾಯಿಗೆ ಹಿಡಿಸೋ ಜೀವವೇ ಬೇಕು.

[ದೃಶ್ಯ: ಹಸಿರು ನೀರಿನ ಬಕೆಟ್, ಪಕ್ಕದಲ್ಲಿ ಏರ್ ಪಂಪ್]

ಆ ಜೀವನೇ ರೋಟಿಫರ್, ಮಿಲಿಮೀಟರಿನ ಹತ್ತರಲ್ಲಿ ಎರಡು ಪಾಲಿನಷ್ಟು ಗಾತ್ರ. ಉಪ್ಪುನೀರಿನ ಬಕೆಟ್, ನಿಧಾನವಾದ ಗಾಳಿ, ತಿನ್ನೋಕೆ ನ್ಯಾನೋಕ್ಲೋರಾಪ್ಸಿಸ್ ಪಾಚಿ ಇದ್ರೆ ಚೆನ್ನಾಗಿ ಬೆಳೆಯುತ್ತೆ. ಮೊಟ್ಟೆ ಇಡೋಕೆ ಮುಂಚೆನೇ ಇದು ನಡೀತಿರಲಿ. ಎರಡು ಬಕೆಟ್ ಇಡಿ, ಒಂದು ಕೆಟ್ಟರೂ ಇನ್ನೊಂದಿರುತ್ತೆ. ರೋಟಿಫರ್ ತನ್ನ ಹೊಟ್ಟೆ ತುಂಬಿದ್ರೆ ಮಾತ್ರ ಮರಿಗೆ ಪೌಷ್ಟಿಕ, ಹಾಗಾಗಿ ಪಾಚಿ ತಿನ್ನಿಸಿಯೇ ಕೊಡಬೇಕು. ಬಕೆಟ್ ನೀರನ್ನ ನೇರವಾಗಿ ಸುರೀಬೇಡಿ, ಅದರಲ್ಲಿ ಅಮೋನಿಯಾ ಇರುತ್ತೆ. ಸಣ್ಣ ಜಾಲರಿಯಲ್ಲಿ ಸೋಸಿ, ಶುದ್ಧ ಉಪ್ಪುನೀರಲ್ಲಿ ತೊಳೆದು ಹಾಕಿ.

ಈಗ ಮರಿ ಟ್ಯಾಂಕ್. ನೀರು ತಂದೆ-ತಾಯಿ ಇರೋ ಟ್ಯಾಂಕಿಂದಲೇ ತಗೊಳ್ಳಿ. 20-40 ಲೀಟರ್ ಸಾಕು. ಸುತ್ತ ಕಪ್ಪು ಕಾಗದ ಅಂಟಿಸಿ, ಇಲ್ಲಾಂದ್ರೆ ಗಾಜಿನಲ್ಲಿ ಹೊಳೆಯೋ ಬೆಳಕಿಗೆ ಮರಿಗಳು ತಲೆ ಗುದ್ದಿಕೊಂಡೇ ಸುಸ್ತಾಗ್ತವೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕೇ ಬೇಕು. ಕರೆಂಟ್ ಹೋದಾಗ ಓಡೋಕೆ ಬ್ಯಾಟರಿ ಏರ್ ಪಂಪ್ ಒಂದನ್ನ ಪಕ್ಕದಲ್ಲೇ ಇಟ್ಕೊಳ್ಳಿ.

ಮರಿಗಳು ಲೈಟ್ ಆರಿದ ಮೇಲೆ, ಕತ್ತಲಲ್ಲೇ ಹೊರಬರೋದು. ಮರಿ ಹೊರಬರೋ ದಿನ ಸಂಜೆಯೇ ಟೈಲನ್ನ ನೀರೊಳಗೇ ಪಾತ್ರೆಗೆ ಸರಿಸಿ, ಮರಿ ಟ್ಯಾಂಕಿಗೆ ತನ್ನಿ. ಇಷ್ಟು ದಿನ ಗಂಡು ಮೀನು ರೆಕ್ಕೆ ಬೀಸಿ ಮೊಟ್ಟೆಗೆ ನೀರು ಹರಿಸ್ತಿತ್ತು. ಆ ಕೆಲಸ ಈಗ ಏರ್ ಸ್ಟೋನ್, ಅಂದ್ರೆ ಪಂಪಿನ ಗಾಳಿಯನ್ನ ಗುಳ್ಳೆಯಾಗಿ ಬಿಡೋ ಕಲ್ಲು, ಮಾಡಬೇಕು, ಗುಳ್ಳೆ ಮೊಟ್ಟೆಯ ಪಕ್ಕದಲ್ಲೇ ಏಳಲಿ. ಮರಿ ಹೊರಬಂದ ಮೇಲೆ ಗಾಳಿ ತೀರಾ ಕಡಿಮೆ ಮಾಡಿ.

[ದೃಶ್ಯ: ಟಾರ್ಚ್ ಬೆಳಕಲ್ಲಿ ಒಂದೇ ಒಂದು ಮರಿ]

ಬೆಳಿಗ್ಗೆ ಇದನ್ನ ಗಮನಿಸಿ. ಮರಿ ದೇಹವನ್ನ ಬಿಲ್ಲಿನ ಹಾಗೆ ಬಾಗಿಸುತ್ತೆ, ಒಂದು ಕ್ಷಣ ನಿಲ್ಲುತ್ತೆ, ಫಟ್ ಅಂತ ಮುಂದೆ ಚಿಮ್ಮುತ್ತೆ. ಅದು ಬೇಟೆ! ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆ ಗುಂಡಗೆ ತುಂಬಿರೋದು ಕಾಣುತ್ತೆ. ನನಗೆ ಈ ಹವ್ಯಾಸದಲ್ಲಿ ಇದಕ್ಕಿಂತ ಖುಷಿ ಕೊಡೋ ನೋಟ ಇಲ್ಲ.

ಒಂದು ಮಿಲಿಲೀಟರ್ ನೀರಿಗೆ 5ರಿಂದ 10 ರೋಟಿಫರ್ ಇರಬೇಕು. ಸಿರಿಂಜಿನಲ್ಲಿ ನೀರೆಳೆದು ಬೆಳಕಿಗೆ ಹಿಡಿದು ಎಣಿಸಿ. ನೀರಿಗೆ ಎಳೆ ಹಸಿರು ಬರೋವಷ್ಟು ಪಾಚಿ ಸೇರಿಸಿ: ಒಳಗಿರೋ ರೋಟಿಫರ್‌ಗೂ ಊಟ, ಬೆಳಕೂ ಮಂದವಾಗುತ್ತೆ. ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹ್ಯಾಚರಿಯಲ್ಲಿ ಕ್ಲೌನ್‌ಫಿಶ್ ಬೆಳೆಸಿದ್ದೂ ಹಸಿರು ನೀರಲ್ಲೇ.

ಮೊದಲ ವಾರ ಮರಿಗಳನ್ನ ಕೊಲ್ಲೋದು ಹಸಿವು, ಇಲ್ಲಾ ಅಮೋನಿಯಾ. ದಿನಾ ಟೆಸ್ಟ್ ಮಾಡಿ. ತಳದ ಕೊಳೆಯನ್ನ ಏರ್ ಪಂಪಿಗೆ ಹಾಕೋ ಸಣ್ಣ ಪೈಪಲ್ಲಿ ಎಳೆದು, ಅದೇ ಉಷ್ಣತೆಯ, ಅದೇ ಉಪ್ಪಿನ ಹೊಸ ನೀರನ್ನ ಹನಿ ಹನಿಯಾಗಿ ಬಿಡಿ.

ಸುಮಾರು 6ನೇ ದಿನದಿಂದ ಆಗಷ್ಟೇ ಮರಿಯಾದ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಸ್ವಲ್ಪ ಸ್ವಲ್ಪ ಕೊಡಿ. ಅದರ ಮೊಟ್ಟೆಯ ಚಿಪ್ಪು ಬೇರ್ಪಡಿಸಿ ಕೊಡಿ, ಜೊತೆಗೆ ರೋಟಿಫರ್ ಮುಂದುವರೀಲಿ. ಎಲ್ಲ ಮರಿನೂ ಒಂದೇ ಸಮ ಬೆಳೆಯಲ್ಲ, ಚಿಕ್ಕವಕ್ಕೆ ಆರ್ಟೀಮಿಯಾ ಬಾಯಿಗೆ ಹಿಡಿಸಲ್ಲ.

[ದೃಶ್ಯ: ತಲೆಯ ಹಿಂದೆ ಬಿಳಿ ಪಟ್ಟೆ ಮೂಡ್ತಿರೋ ಮರಿಗಳು]

10ರಿಂದ 15 ದಿನದೊಳಗೆ ತಲೆಯ ಹಿಂದೆ ಬಿಳಿ ಪಟ್ಟೆ ಮೂಡುತ್ತೆ. ಮೇಲೆ ತೇಲ್ತಿದ್ದ ಮರಿಗಳು ತಳಕ್ಕಿಳಿದು, ಥೇಟ್ ಕ್ಲೌನ್‌ಫಿಶ್ ಥರ ಬಳುಕ್ತಾ ಈಜ್ತವೆ. ಈ ಬದಲಾವಣೆ ಹೊತ್ತಲ್ಲೂ ಕೆಲವು ಸಾಯ್ತವೆ, ನೀರಿನ ವಿಷಯದಲ್ಲಿ ಸಡಿಲ ಬಿಡಬೇಡಿ. ಆಮೇಲೆ ಸ್ಪಾಂಜ್ ಫಿಲ್ಟರ್ ಇರೋ ದೊಡ್ಡ ಟ್ಯಾಂಕಿಗೆ ಹಾಕಿ, ನುಣ್ಣನೆ ಒಣ ಆಹಾರ ಅಭ್ಯಾಸ ಮಾಡಿಸಿ.

ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ತುಂಬಾ ಜನ ಕೇಳ್ತಾರೆ. ಸದ್ಯಕ್ಕೆ ಯಾವುದೂ ಹೆಣ್ಣಲ್ಲ. ಜೋಡಿ ಬೇಕಿದ್ರೆ ಮುಂದೆ ಒಂದು ದೊಡ್ಡದನ್ನ, ಒಂದು ಚಿಕ್ಕದನ್ನ ಆರಿಸಿ ಒಟ್ಟಿಗೆ ಬಿಡಿ. ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತೆ, ಇನ್ನೊಂದು ಗಂಡಾಗುತ್ತೆ.