ರಿಲೀಸ್ ಮೆಡಿಕಲ್ ಬೋರ್ಡಿಗೆ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ. ಸೇನೆಯಿಂದ ಪೆನ್ಷನ್ ಬರಲು ಇನ್ನು ಒಂದೆರಡು ವರ್ಷ ಉಳಿದಿರುವ ಜವಾನರಿಗೆ, ಅವರ ಮನೆಯವರಿಗೆ ಇವತ್ತಿನ ಮಾತು, ಸೇವೆಯಿಂದ ಬಂದ ದೇಹದ ತೊಂದರೆಗೆ ಸಿಗುವ ಡಿಸೆಬಿಲಿಟಿ ಪೆನ್ಷನ್ ಬಗ್ಗೆ.

ಮಂಡಿ ನೋವು, ಸೊಂಟ ನೋವು, ಒಂದು ಕಿವಿ ಮಂದ. ಇದನ್ನೆಲ್ಲ ನಮ್ಮ ಹುಡುಗರು ಮುಚ್ಚಿಡುತ್ತಾರೆ. ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿದರೆ ಪ್ರಮೋಷನ್ ತಪ್ಪುತ್ತದೆ ಅನ್ನುವ ಭಯ. ಆ ಭಯ ಸುಳ್ಳೇನಲ್ಲ. ಆದರೆ ಯುನಿಟ್ಟಿನ ಚಿಕ್ಕ ದವಾಖಾನೆಯಾದ ಎಂಐ ರೂಮಿನಲ್ಲಿ ನಾಲ್ಕು ಮಾತ್ರೆ ಇಸ್ಕೊಂಡು ಸುಮ್ನೆ ಬಂದರೆ ಆ ನೋವಿಗೆ ದಾಖಲೆ ಎಲ್ಲಿಂದ ಬರಬೇಕು?

ಬಿಡುಗಡೆಗೆ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ಸೇನಾ ವೈದ್ಯರ ಮಂಡಳಿ, ಕೂರುತ್ತದೆ. ತೊಂದರೆ ಎಷ್ಟು ಪರ್ಸೆಂಟ್, ಅದು ಸೇವೆಯಿಂದ ಬಂದದ್ದೋ ಅಥವಾ ಸೇವೆಯಿಂದ ಹೆಚ್ಚಾದದ್ದೋ ಅಂತ ವೈದ್ಯರು ಬರೆಯುತ್ತಾರೆ. ಎರಡೂ ಅಲ್ಲ ಎಂದು ಬರೆದರೆ ಡಿಸೆಬಿಲಿಟಿ ಪೆನ್ಷನ್ ಇಲ್ಲ. 20 ಪರ್ಸೆಂಟಿಗಿಂತ ಕಡಿಮೆ ಬರೆದರೂ ಇಲ್ಲ.

ಬೋರ್ಡಿನ ಫಾರಂನ ಮೊದಲ ಭಾಗ ಜವಾನನ ಸ್ವಂತ ಹೇಳಿಕೆ. ಯಾವ ವರ್ಷ ಯಾವ ಜಾಗ, ಶಾಂತಿ ಇರುವ ಪೀಸ್ ಸ್ಟೇಷನ್ನೋ ಗಡಿಯಂಥ ಕಷ್ಟದ ಫೀಲ್ಡೋ, ನೋವು ಎಲ್ಲಿ ಶುರುವಾಯಿತು, ಯಾವ ಆಸ್ಪತ್ರೆಗೆ ಸೇರಿಸಿದರು. ಬಹಳ ಜನ ಇದನ್ನು ಕ್ಲರ್ಕ್ ಕೈಗೆ ಬಿಟ್ಟು ಸಹಿ ಮಾತ್ರ ಹಾಕುತ್ತಾರೆ. ಬೇಡ, ಕೂತು ನೀವೇ ಬರೆಯಿರಿ. ಲಡಾಖ್‌ನಲ್ಲಿ ಶುರುವಾದ ಉಸಿರಾಟದ ತೊಂದರೆಗೆ ಲಡಾಖ್ ಹೆಸರು ಬರಲೇಬೇಕು. ಪೆಟ್ಟಾಗಿದ್ದರೆ ಐಎಎಫ್‌ವೈ 2006 ಎನ್ನುವ ಇಂಜುರಿ ರಿಪೋರ್ಟ್ ಇದೆಯಾ ನೋಡಿಕೊಳ್ಳಿ. ಯುನಿಟ್ಟೇ ನಡೆಸುವ ಆಟದಲ್ಲಿ ಬಿದ್ದದ್ದೂ ಡ್ಯೂಟಿಯ ಲೆಕ್ಕಕ್ಕೇ ಬರುತ್ತದೆ. ವಾಲಿಬಾಲ್ ಆಡುತ್ತಾ ಕಾಲು ಮುರಿದರೆ ಅದೇನು ಮಹಾ ಅಂತ ಬಿಡಬೇಡಿ.

ದುಡ್ಡಿನ ಲೆಕ್ಕ ಹೀಗೆ. ತೊಂದರೆ 100 ಪರ್ಸೆಂಟ್ ಎಂದು ಬರೆದರೆ ತಿಂಗಳಿಗೆ ಕೊನೆಯ ವೇತನದ 30 ಪರ್ಸೆಂಟ್. ವೇತನ 40,000 ಇದ್ದರೆ 12,000. 20 ಪರ್ಸೆಂಟಿಗೆ 2,400. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಹಿಡಿಯುವ ಪದ್ಧತಿಯೂ ಇದೆ. ಅವಧಿ ಮುಗಿಸಿ ಬಂದವರಿಗೂ ಅದು ಅನ್ವಯ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಆಗ 2,400 ಇದ್ದದ್ದು 6,000 ಆಗುತ್ತದೆ. 2023ರ ಸೆಪ್ಟೆಂಬರ್ 21ರಿಂದ ಬಿಡುಗಡೆಯಾದವರಿಗೆ ಹೊಸ ನಿಯಮ. ಅದರಲ್ಲಿ ಕೆಟಗರಿ ಇಳಿದರೂ ಸೇವೆಯಲ್ಲಿ ಮುಂದುವರಿದವರಿಗೆ ಸಿಗುವ ಹಣಕ್ಕೆ ಇಂಪೇರ್‌ಮೆಂಟ್ ರಿಲೀಫ್ ಎನ್ನುವ ಬೇರೆ ಹೆಸರಿದೆ. ಹಳೆಯ ಗೆಳೆಯನಿಗೆ ಸಿಕ್ಕಷ್ಟೇ ನನಗೂ ಸಿಗುತ್ತದೆ ಅಂತ ಲೆಕ್ಕ ಹಾಕಿ ಮನೆ ಕಟ್ಟಲು ಹೊರಡಬೇಡಿ.

ಸೇವೆಯಿಂದ ಬಂದದ್ದಲ್ಲ ಎಂದು ಬೋರ್ಡ್ ಬರೆದರೆ ಮುಗಿಯಿತಾ? ಇಲ್ಲ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ 1985ರಲ್ಲಿ ಸೇರಿದ ಧರಮ್‌ವೀರ್ ಸಿಂಗ್ ಅವರನ್ನು ಫಿಟ್ಸ್ ಕಾರಣಕ್ಕೆ 1994ರಲ್ಲಿ ಮನೆಗೆ ಕಳಿಸಿದರು, ಪೆನ್ಷನ್ ಕೊಡಲಿಲ್ಲ. ಭರ್ತಿಯಾಗುವಾಗ ಕಾಯಿಲೆ ಇತ್ತೆಂದು ಬರೆದಿಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ತಿಳಿಯಬೇಕು, ಅಲ್ಲ ಎನ್ನುವ ಬೋರ್ಡ್ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಅದು ಹಳೆಯ, 1982ರ ನಿಯಮದ ಮೇಲಿನ ತೀರ್ಪು. ಆದರೂ ವಕೀಲರು ಮೊದಲು ತೆಗೆಯುವುದು ಇದನ್ನೇ.

ಮೊದಲ ಮೇಲ್ಮನವಿಗೆ ಆರು ತಿಂಗಳು. ಆಮೇಲೆ ಎರಡನೆಯದು, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬೋರ್ಡಿನ ಪ್ರತಿ ಕೇಳಿ ಇಸ್ಕೊಳ್ಳಿ. ಅರ್ಜಿ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಜಾಸ್ತಿ ದಿನ ತಡ ಮಾಡಬೇಡಿ. ಎಷ್ಟೋ ವರ್ಷ ಬಿಟ್ಟು ಹೋಗಿ ಗೆದ್ದವರಿಗೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷದ್ದು ಮಾತ್ರ ಸಿಗುತ್ತದೆ.