ಬ್ರಿಕ್ ಲೇನ್ ಮೂಲೆಯ ಕಟ್ಟಡ

ಕೇಳುಗರೆಲ್ಲರಿಗೂ ನಮಸ್ಕಾರ. ಮಹಾನಗರಗಳ ವಲಸೆಯನ್ನು ಕುರಿತು ಮಾತನಾಡಬೇಕೆಂದು ಬಾನುಲಿ ಕೇಂದ್ರದವರು ಕೇಳಿದಾಗ ನಾನು ಲಂಡನ್ನನ್ನು ಆರಿಸಿಕೊಂಡೆ. ಹೇಳಬೇಕಾದ ಮಾತು ಒಂದೇ: ಹೊರಗಿನಿಂದ ಬಂದವರು ಆ ಊರಿನ ಗುರುತನ್ನು ಅಳಿಸಲಿಲ್ಲ, ಕಟ್ಟಿದರು.

ಪೂರ್ವ ಲಂಡನ್ನಿನಲ್ಲಿ ಬ್ರಿಕ್ ಲೇನ್ ಮತ್ತು ಫೂರ್ನಿಯರ್ ಬೀದಿ ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಒಂದು ಕಟ್ಟಡವಿದೆ. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಒಂದು ನೆರಳು ಗಡಿಯಾರ, ಅದರಲ್ಲಿ 1743 ಎಂಬ ಇಸವಿ, ಜೊತೆಗೆ ‘ನಾವು ನೆರಳುಗಳು’ ಎಂಬ ಅರ್ಥ ಕೊಡುವ ಎರಡು ಲ್ಯಾಟಿನ್ ಪದಗಳು ಕಾಣುತ್ತವೆ. ಅದನ್ನು ಪ್ರಾರ್ಥನಾ ಮಂದಿರವಾಗಿ ಕಟ್ಟಿಸಿದವರು ಹ್ಯೂಗನಾಟರು, ಅಂದರೆ ಫ್ರಾನ್ಸಿನ ಪ್ರಾಟೆಸ್ಟಂಟರು. 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಅವರಿಗಿದ್ದ ಧಾರ್ಮಿಕ ರಕ್ಷಣೆಯನ್ನು ಕಿತ್ತುಕೊಂಡಾಗ ಸಾವಿರಾರು ಮಂದಿ ಮನೆಮಠ ಬಿಟ್ಟು ಸಮುದ್ರ ದಾಟಿದರು. ಇಂಗ್ಲಿಷಿಗೆ ‘ರೆಫ್ಯೂಜಿ’ ಎಂಬ ಪದವೇ ಇವರ ಜೊತೆ ಬಂದಿತು. ರೇಷ್ಮೆ ನೇಯ್ಗೆ ಅವರಲ್ಲಿ ಅನೇಕರ ಕಸುಬು. ಅಕ್ಕಪಕ್ಕದ ಹಳೆಯ ಮನೆಗಳ ಅಟ್ಟಗಳಲ್ಲಿ ಇಂದಿಗೂ ಉಳಿದಿರುವ ಅಗಲವಾದ ಕಿಟಕಿಗಳು ಮಗ್ಗದ ಮೇಲೆ ಬೆಳಕು ಬೀಳಲೆಂದು ಇಟ್ಟಂಥವು.

ನೇಕಾರರ ಮಕ್ಕಳು, ಮೊಮ್ಮಕ್ಕಳು ಊರಿನಲ್ಲಿ ಬೆರೆತುಹೋದರು. ಮಂದಿರ ಮೆಥಡಿಸ್ಟರೆಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದವರ ಕೈಗೆ ಬಂದಿತು. ರಷ್ಯಾ ಸಾಮ್ರಾಜ್ಯದಲ್ಲಿ 1881ರಿಂದ ನಡೆದ ಹಿಂಸಾಚಾರಕ್ಕೆ ಬೆದರಿ ಬಂದ ಯೆಹೂದಿಗಳು ಅದೇ ಬೀದಿಗಳಲ್ಲಿ ಹೊಲಿಗೆ ಕೆಲಸ ಹಿಡಿದರು. 1898ರಲ್ಲಿ ಕಟ್ಟಡ ಅವರ ಸಿನಗಾಗ್, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರ ಆಯಿತು. ಅವರೂ ನಿಧಾನವಾಗಿ ಬೇರೆ ಬಡಾವಣೆಗಳಿಗೆ ಹೊರಟ ಮೇಲೆ, ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ಟಿನಿಂದ ಬಂದವರು ಆ ಮನೆಗಳಲ್ಲಿ ನೆಲೆನಿಂತು, ಅವರಲ್ಲೂ ಬಹಳ ಮಂದಿ ಉಡುಪು ಹೊಲಿಯುವ ಕೆಲಸಕ್ಕೇ ಸೇರಿದರು. 1976ರಲ್ಲಿ ಕಟ್ಟಡ ಮಸೀದಿಯಾಯಿತು. ಇಷ್ಟಾದರೂ ಆ ನೆರಳು ಗಡಿಯಾರ ಇದ್ದಲ್ಲೇ ಇದೆ. ನಾನು ಅದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ. ಶುಕ್ರವಾರದ ನಮಾಜಿಗೆ ಬರುತ್ತಿದ್ದ ಹಿರಿಯರೊಬ್ಬರು, ನಾನು ಕೇಳದೆಯೇ, ಅದು ಯಾರ ಕಾಲದ್ದೆಂದು ತಮ್ಮ ಮನೆಯ ಹಿರಿಯರ ಸುದ್ದಿ ಹೇಳುವಂತೆ ಹೇಳಿದರು.

ಹೀಗೆ ಬಂದವರನ್ನೆಲ್ಲ ಸೇರಿಸಿಕೊಂಡರೆ ಮೂಲನಿವಾಸಿಗಳ ಗತಿಯೇನು ಎಂದು ನಾನು ಹೋದ ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ದಯವಿಟ್ಟು ಗಮನಿಸಬೇಕು: ಆ ಬೀದಿಯಲ್ಲಿ ಈ ಪ್ರಶ್ನೆಯನ್ನು ನೇಕಾರರ ಬಗ್ಗೆ ಕೇಳಿದ್ದರು, ದರ್ಜಿಗಳ ಬಗ್ಗೆ ಕೇಳಿದ್ದರು, ಯೆಹೂದಿಗಳ ಬರವನ್ನು ತಡೆಯಲೆಂದೇ 1905ರಲ್ಲಿ ವಿದೇಶೀಯರ ಕಾಯಿದೆಯನ್ನೂ ತಂದಿದ್ದರು. ಆ ಯೆಹೂದಿಗಳಿಲ್ಲದ ಪೂರ್ವ ಲಂಡನ್ನಿನ ಚರಿತ್ರೆಯನ್ನು ಇಂದು ಯಾರೂ ಬರೆಯಲಾರರು. ಬಂದವರೇ ಊರನ್ನು ಕಟ್ಟಿದರು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಈ ಕಟ್ಟುವಿಕೆ ಸುಖವಾಗಿ ನಡೆಯಲಿಲ್ಲ. 1978ರ ಮೇ ತಿಂಗಳಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬಂಗಾಳಿ ಯುವಕ ಆಲ್ತಾಬ್ ಅಲಿಯನ್ನು ಜನಾಂಗ ದ್ವೇಷದಿಂದ ಕೊಂದರು. ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದತ್ತ ನಡೆದರು. ಆತ ಬಿದ್ದ ಸ್ಥಳದ ಬಳಿಯ ಉದ್ಯಾನಕ್ಕೆ ಈಗ ಆತನದೇ ಹೆಸರು.

ಸಮಯ ಕಡಿಮೆಯಿದೆ, ಭಾಷೆಯ ವಿಷಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. 2021ರ ಜನಗಣತಿಯಂತೆ ಲಂಡನ್ನಿಗರಲ್ಲಿ ಹತ್ತರಲ್ಲಿ ನಾಲ್ವರು ಬ್ರಿಟನ್ನಿನ ಹೊರಗೆ ಹುಟ್ಟಿದವರು. ಇವರ ಮಕ್ಕಳು ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಆಡುತ್ತ, ಎರಡನ್ನೂ ತಮ್ಮದೆಂದೇ ತಿಳಿದು ಬೆಳೆಯುತ್ತಾರೆ. ಬ್ರಿಕ್ ಲೇನಿಗೆ ಹತ್ತಿರದ ವೈಟ್‌ಚಾಪೆಲ್ ರೈಲು ನಿಲ್ದಾಣದಲ್ಲಿ 2022ರಿಂದ ನಿಲ್ದಾಣದ ಹೆಸರು ಇಂಗ್ಲಿಷಿನ ಜೊತೆಗೆ ಬಂಗಾಳಿ ಲಿಪಿಯಲ್ಲೂ ಇದೆ. ನಮಸ್ಕಾರ.